ಮೊಡವೆಯ ಗುಳಿಗೆಗೆ ಒಂದು ಕೊನೆಯ ದಿನ ಬೇಕು

ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಒಳ್ಳೆಯ ಔಷಧ. ಆದರೆ ಅದನ್ನು ಎಂದು ನಿಲ್ಲಿಸಬೇಕು ಎಂಬುದು ಶುರುಮಾಡುವ ದಿನವೇ ಗೊತ್ತಿರಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಓದುಗರಿಗೆ ಇದನ್ನು ಒತ್ತಿ ಹೇಳಲು ಕಾರಣವಿದೆ. ಇಲ್ಲಿನ ಬಿಸಿಲು, ಹೊಲದ ದುಡಿಮೆ, ಹಾಲು ತುಂಬಿದ ಅಡುಗೆಮನೆ, ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆ ಇವೆಲ್ಲವೂ ಈ ಔಷಧಕ್ಕೆ ನೇರವಾಗಿ ತಳಕು ಹಾಕಿಕೊಂಡಿವೆ.

ಮೊಡವೆ ಏಳುವುದು ಮುಖ ತೊಳೆಯದ್ದಕ್ಕಲ್ಲ. ಹರೆಯದಲ್ಲಿ ಹಾರ್ಮೋನು ಏರಿ ಚರ್ಮದಲ್ಲಿ ಜಿಡ್ಡು ಹೆಚ್ಚುತ್ತದೆ, ರೋಮದ ಬುಡ ಕಟ್ಟಿಕೊಳ್ಳುತ್ತದೆ, ಅಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಸುತ್ತ ಉರಿಯೂತ ಹುಟ್ಟುತ್ತದೆ. ಡಾಕ್ಸಿಸೈಕ್ಲಿನ್ ಆ ಬ್ಯಾಕ್ಟೀರಿಯಾವನ್ನು ತಗ್ಗಿಸುವುದರ ಜೊತೆಗೆ ಉರಿಯೂತವನ್ನೂ ಇಳಿಸುತ್ತದೆ. ಹಾಗಾಗಿ ಕೆಂಪಗೆ ಊದಿ ನೋಯುವ, ಕೀವು ತುಂಬಿದ, ಎದೆ ಬೆನ್ನಿಗೂ ಹಬ್ಬಿದ ಮೊಡವೆಗೆ ಅದು ಸರಿಯಾದ ಮದ್ದು. ಬರೀ ಕಪ್ಪು ಚುಕ್ಕೆಗಳಿಗೆ ಬೇಕಿಲ್ಲ. ಗುಣ ಕಾಣಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಸಾಮಾನ್ಯವಾಗಿ ಮೂರು, ಹೆಚ್ಚೆಂದರೆ ನಾಲ್ಕು ತಿಂಗಳಿಗೆ ನಿಲ್ಲಿಸಬೇಕು. ಜೊತೆಗೆ ಬೆಂಜಾಯಿಲ್ ಪೆರಾಕ್ಸೈಡ್ ಮತ್ತು ಅಡಾಪಲೀನ್ ಹಚ್ಚುವುದು ಕಡ್ಡಾಯವೆಂದೇ ತಿಳಿಯಬೇಕು. ಮೊದಲನೆಯದಕ್ಕೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುವುದಿಲ್ಲ. ಎರಡನೆಯದು ರಂಧ್ರ ಕಟ್ಟದಂತೆ ನೋಡಿಕೊಳ್ಳುತ್ತದೆ, ಗುಳಿಗೆ ನಿಂತ ಮೇಲೂ ಅದನ್ನು ಹಚ್ಚಿಕೊಂಡು ಹೋಗಬಹುದು. ಗುಳಿಗೆಯೊಂದನ್ನೇ ನಂಬಿದವರಿಗೆ, ನಿಲ್ಲಿಸಿದ ಬಳಿಕ ಮೊಡವೆ ಮರಳುವುದು ಇದೇ ಕಾರಣಕ್ಕೆ.

ಅಡ್ಡಪರಿಣಾಮಗಳಲ್ಲಿ ಈ ಭಾಗಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ಬಿಸಿಲು. ಡಾಕ್ಸಿಸೈಕ್ಲಿನ್ ನುಂಗುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಕೆಲವರ ಉಗುರೂ ಬುಡದಿಂದ ಬಿಡುತ್ತದೆ. ಕಬ್ಬು ಕಡಿಯುವ, ತಂಬಾಕಿನ ಹೊಲದಲ್ಲಿ ದುಡಿಯುವ ಹುಡುಗ ಹುಡುಗಿಯರಿಗೆ 'ಬಿಸಿಲಿಗೆ ಹೋಗಬೇಡಿ' ಎಂದರೆ ಪ್ರಯೋಜನವಿಲ್ಲ. ತಲೆಗೆ ಟವೆಲ್, ತುಂಬುತೋಳಿನ ಅಂಗಿ, ಸನ್‌ಸ್ಕ್ರೀನ್ ಬೇಕು. ಅದೂ ಆಗದಿದ್ದರೆ ಬೇರೆ ಔಷಧದ ಬಗ್ಗೆ ವೈದ್ಯರನ್ನು ಕೇಳಬೇಕು. ಎರಡನೆಯದು ಗಂಟಲಿನ ಕೆಳಗಿನ ಅಪಾಯ. ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿಬಿಟ್ಟರೆ ಗುಳಿಗೆ ಅನ್ನನಾಳದಲ್ಲೇ ಅಂಟಿ ಹುಣ್ಣು ಮಾಡುತ್ತದೆ. ಊಟವಾದ ಮೇಲೆ ತುಂಬು ಲೋಟ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ ಮಲಗದೇ ಇರಬೇಕು. ಹಾಲಿನೊಂದಿಗೆ ನುಂಗಿದರೆ ಔಷಧ ಮೈಗೆ ಹತ್ತುವುದು ಕೊಂಚ ಕಡಿಮೆಯಾಗುತ್ತದೆ. ಕಬ್ಬಿಣಾಂಶ ಸೇರಿದರೆ ಇನ್ನೂ ಹೆಚ್ಚು ಕುಗ್ಗುತ್ತದೆ. ಹದಿಹರೆಯದವರಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯನ್ನು ಇದಕ್ಕಾಗಿ ಬಿಡಬಾರದು, ರಕ್ತಹೀನತೆ ಮೊಡವೆಗಿಂತ ದೊಡ್ಡ ತೊಂದರೆ. ಎರಡರ ನಡುವೆ ಎರಡು ಮೂರು ಗಂಟೆಯ ಅಂತರವಿಟ್ಟರೆ ಸಾಕು. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಮೊಡವೆಗಾಗಿ ಈ ಔಷಧ ಸಲ್ಲದು.

'ಗುಣ ಕೊಡುತ್ತಿದ್ದರೆ ನಿಲ್ಲಿಸುವುದೇಕೆ?' ಎಂಬ ಪ್ರಶ್ನೆ ಸಹಜವೇ. ಗುಳಿಗೆ ಮುಖಕ್ಕಷ್ಟೇ ಹೋಗುವುದಿಲ್ಲ. ಕರುಳು, ಗಂಟಲು, ಚರ್ಮದಲ್ಲಿರುವ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿಗೂ ತಾಗುತ್ತದೆ. ತಿಂಗಳುಗಟ್ಟಲೆ ತಾಗಿದಷ್ಟೂ ಔಷಧಕ್ಕೆ ಜಗ್ಗದವು ಉಳಿದು ಬೆಳೆಯುತ್ತವೆ, ಮನೆಯವರಿಗೂ ದಾಟಬಹುದು. ಮುಂದೆ ನ್ಯುಮೋನಿಯಾದಂಥ ಸೋಂಕು ಬಂದಾಗ ಆ ನಷ್ಟ ಗೊತ್ತಾಗುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಚರ್ಮದ ಡಾಕ್ಟರಿಗಾಗಿ ಮಿರಜಿಗೋ ಬೆಳಗಾವಿಗೋ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಅಂಗಡಿಯಲ್ಲೇ ಕೊಂಡರೆ ತಪ್ಪೇನು? ಕಷ್ಟ ನಿಜ. ಆದರೆ ಸಾಧಾರಣ ಮೊಡವೆಗೆ ಆ ಪ್ರಯಾಣವೇ ಬೇಕಿಲ್ಲ. ಹತ್ತಿರದ ಸರ್ಕಾರಿ ದವಾಖಾನೆಯ ವೈದ್ಯರೂ ಚಿಕಿತ್ಸೆ ಶುರುಮಾಡಬಲ್ಲರು. ಕಲೆ, ಗುಳಿ ಬೀಳುತ್ತಿರುವ ಮೊಡವೆಗೆ ಮಾತ್ರ ತಜ್ಞರ ಬಳಿ ತಡಮಾಡದೆ ಹೋಗಬೇಕು, 'ವಯಸ್ಸಾದರೆ ಹೋಗುತ್ತೆ' ಎಂದು ಕಾದರೆ ಗುಳಿಗಳು ಹೋಗುವುದಿಲ್ಲ. ಅಂಗಡಿಯ ದಾರಿಯಲ್ಲಿ ಡಾಕ್ಸಿಸೈಕ್ಲಿನ್‌ಗಿಂತ ಕೆಟ್ಟದ್ದೂ ಕೈಗೆ ಬರುತ್ತದೆ: ಬೆಳ್ಳಗಾಗಲೆಂದು ಹಚ್ಚುವ ಸ್ಟಿರಾಯ್ಡ್ ಬೆರೆತ ಕ್ರೀಮು. ಅದರಿಂದಲೇ ಹೊಸ ಮೊಡವೆ ಏಳುತ್ತದೆ, ಚರ್ಮ ತೆಳುವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡ್‌ಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಇನ್ನು, ಗುಳಿಗೆ ನುಂಗುತ್ತಿರುವಾಗ ತಡೆಯಲಾಗದ ತಲೆನೋವಿನ ಜೊತೆ ಕಣ್ಣು ಮಂಜಾದರೆ ಮುಂದಿನ ಗುಳಿಗೆ ನುಂಗದೆ ಅಂದೇ ವೈದ್ಯರನ್ನು ಕಾಣಬೇಕು. ಅಪರೂಪಕ್ಕೆ ಈ ಔಷಧ ತಲೆಬುರುಡೆಯೊಳಗಿನ ಒತ್ತಡವನ್ನು ಏರಿಸುತ್ತದೆ.