ಬೆಲ್ಲವೂ ಸಕ್ಕರೆಯೇ: ಹಾಸನ ಸೀಮೆಯ ಊಟೋಪಚಾರದಲ್ಲಿ ಸಿಹಿಯ ಪರಿಮಾಣ

ಹೇಮಾವತಿಯ ದಡದಲ್ಲಿ ನಿಂತು ಸಕ್ಕರೆಯನ್ನು ಕಡಿಮೆ ಮಾಡಿರೆಂದು ಹೇಳುವುದು ಕೆಲವರಿಗೆ ಅಪ್ರಿಯವಾದೀತು. ನದಿಯು ಹೊಳೆನರಸೀಪುರವನ್ನು ಹಾಯ್ದು ಹರಿಯುತ್ತದೆ. ಅದರ ಹೆಸರನ್ನೇ ಹೊತ್ತ ಸಕ್ಕರೆ ಕಾರ್ಖಾನೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದಲ್ಲಿದೆ. ಆದರೆ ಕಬ್ಬನ್ನು ಬೆಳೆಯುವ ಮಾತು ಬೇರೆ, ಸಿಹಿಯನ್ನು ತಿನ್ನುವ ಮಾತು ಬೇರೆ. ನಾವಿಲ್ಲಿ ಎರಡನೆಯದನ್ನು ಮಾತ್ರ ವಿಚಾರಿಸುತ್ತೇವೆ.

ಸಕ್ಕರೆಯನ್ನು ಬಿಟ್ಟು ಬೆಲ್ಲಕ್ಕೆ ಮರಳಿದರೆ ಸಾಲದೆ ಎಂಬ ಪ್ರಶ್ನೆ ವಿದ್ಯಾವಂತರಲ್ಲಿಯೂ ಇದೆ. ಸಾಲದು. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ರಸವನ್ನು ಕಾಯಿಸಿ ಅಚ್ಚಿಗೆ ಹೊಯ್ದರೆ ಬೆಲ್ಲ. ಅದೇ ರಸವನ್ನು ಶುದ್ಧಿಗೊಳಿಸಿ, ಹರಳುಗಟ್ಟಿಸಿ, ಕಾಕಂಬಿಯನ್ನು ಬೇರ್ಪಡಿಸಿದರೆ ಸಕ್ಕರೆ. ಕಾಕಂಬಿ ಉಳಿದುಕೊಳ್ಳುವುದರಿಂದ ಬೆಲ್ಲದಲ್ಲಿ ಕೊಂಚ ಖನಿಜಾಂಶವಿರುವುದು ನಿಜ. ಆದರೂ ಅದರ ಬಹುಭಾಗ ಸುಕ್ರೋಸೇ. ಕರುಳಿನಲ್ಲಿ ಅದು ಗ್ಲೂಕೋಸ್ ಮತ್ತು ಫ್ರಕ್ಟೋಸುಗಳಾಗಿ ಒಡೆದು ರಕ್ತವನ್ನು ಸೇರುತ್ತದೆ. ಬಂದದ್ದು ಆಲೆಮನೆಯಿಂದಲೋ ಕಾರ್ಖಾನೆಯಿಂದಲೋ ಎಂದು ದೇಹ ವಿಚಾರಿಸುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ, ಬೆರೆಸಿದ ಸಕ್ಕರೆ, ಜೇನು, ಹಣ್ಣಿನ ರಸಗಳಿಂದ ಬರುವ ಶಕ್ತಿಯು ಒಟ್ಟು ಆಹಾರಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆಯಿರಬೇಕೆಂದೂ, 5ಕ್ಕಿಂತ ಕಡಿಮೆಯಾದರೆ ಮತ್ತಷ್ಟು ಒಳಿತೆಂದೂ ಸೂಚಿಸಿತು. ದಿನಕ್ಕೆ 2000 ಕ್ಯಾಲರಿ ಉಣ್ಣುವವರಿಗೆ ಇದು ಕ್ರಮವಾಗಿ 50 ಮತ್ತು 25 ಗ್ರಾಂ ಆಗುತ್ತದೆ. ಇಡೀ ಹಣ್ಣು, ಹಾಲುಗಳಲ್ಲಿ ಸಹಜವಾಗಿರುವ ಸಿಹಿ ಈ ಲೆಕ್ಕಕ್ಕೆ ಸೇರದು. ಈಗ ಹಾಸನದ ಒಂದು ಮನೆಯ ಕಾಫಿಯನ್ನೇ ಎಣಿಸೋಣ. ಚಮಚೆಗೆ 4 ಗ್ರಾಂನಂತೆ, ಲೋಟಕ್ಕೆ ಎರಡು ಚಮಚೆ. ದಿನಕ್ಕೆ ನಾಲ್ಕು ಲೋಟವಾದರೆ 32 ಗ್ರಾಂ! ಬಿಸಿಲಲ್ಲಿ ಕುಡಿದ ಒಂದು ದೊಡ್ಡ ಲೋಟ ಕಬ್ಬಿನ ಹಾಲು ಬಹುಮಟ್ಟಿಗೆ ಇನ್ನೊಂದು ಅಷ್ಟನ್ನೇ ಕೂಡಿಸುತ್ತದೆ. ವರ್ಷಕ್ಕೆ ನಾಲ್ಕು ಬಾರಿ ಬರುವ ಹೋಳಿಗೆಯನ್ನೂ ಸಾರಿಗೆ ಹಾಕುವ ಚೂರು ಬೆಲ್ಲವನ್ನೂ ದೂರುವುದು ನಮ್ಮ ದೃಷ್ಟಿಯಲ್ಲಿ ಅನ್ಯಾಯ. ನಿತ್ಯದ ಲೋಟವೇ ನಿಜವಾದ ಬಾಬು.

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದು ದೇಶದ ವಯಸ್ಕರಲ್ಲಿ ಶೇಕಡಾ 11.4ರಷ್ಟು ಮಂದಿಗೆ ಮಧುಮೇಹವಿದೆಯೆಂದು ಅಂದಾಜಿಸಿತು. ಇದಕ್ಕೆ ಸಕ್ಕರೆಯೊಂದೇ ಕಾರಣವಲ್ಲ. ಅನುವಂಶಿಕತೆ, ಮೈ ಬೊಜ್ಜು, ದುಡಿಮೆಯ ಅಭಾವಗಳೂ ಕೂಡಿವೆ. ಅರಕಲಗೂಡಿನ ರೈತ ಹೊಲದಲ್ಲಿ ದುಡಿದು ಉಂಡ ಮುದ್ದೆಯೂ, ಕುಳಿತೇ ಕೆಲಸ ಮಾಡುವವನು ಉಂಡ ಅದೇ ಗಾತ್ರದ ಮುದ್ದೆಯೂ ಒಂದೇ ಫಲವನ್ನು ಕೊಡಲಾರವು.

ನಾಲಿಗೆ ಕ್ರಮೇಣ ಒಗ್ಗುವುದರಿಂದ ವಾರಕ್ಕೆ ಅರ್ಧ ಚಮಚೆಯಂತೆ ಇಳಿಸುವುದು ಸುಲಭ. ಆದರೆ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಆಹಾರಕ್ರಮವನ್ನು ಹಠಾತ್ತನೆ ಬದಲಿಸಬಾರದು; ರಕ್ತದ ಸಕ್ಕರೆ ತೀರ ಇಳಿದು ಬೆವರಿ ನಡುಗುವಾಗ ಅವರಿಗೆ ಆ ಕ್ಷಣದಲ್ಲಿ ಬೇಕಾದದ್ದು ಸಕ್ಕರೆಯೇ.