ಕ್ರಿಪ್ಟೋ ನಾಣ್ಯ: ಕಟ್ಟುವಾಗ, ಹಿಂತೆಗೆಯುವಾಗ

ಉಮರ್ಗಾ, ನಿಲಂಗಾ, ಉದಗೀರಗಳ ತರುಣರಿಗೂ ಇಂದು ಮೊಬೈಲಿನ ಮೂಲಕ ಕ್ರಿಪ್ಟೋ ನಾಣ್ಯದ ವ್ಯವಹಾರಕ್ಕೆ ದಾರಿ ತೆರೆದಿದೆ. ಬ್ಯಾಂಕಿನ ಹಣವು ತಪ್ಪು ಖಾತೆಗೆ ಹೋದರೆ ದೂರು ಕೊಡಲು ಸ್ಥಳವುಂಟು. ಒಮ್ಮೆ ಕಳಿಸಿದ ಈ ನಾಣ್ಯವನ್ನು ಮರಳಿಸಬಲ್ಲ ಅಧಿಕಾರಿಯೇ ಇಲ್ಲ. ಆದುದರಿಂದ ಕೆಲವು ಎಚ್ಚರಿಕೆಗಳನ್ನು ವಾಚಕರ ಮುಂದಿಡುತ್ತೇವೆ.

ವಿನಿಮಯ ಕೇಂದ್ರವು ಭಾರತ ಸರಕಾರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿತವೇ ಎಂಬುದನ್ನು ಮೊದಲು ನೋಡತಕ್ಕದ್ದು. ರೂಪಾಯಿಯನ್ನು ಸ್ವಂತ ಹೆಸರಿನ ಬ್ಯಾಂಕ್ ಖಾತೆಯಿಂದಲೇ ಕಟ್ಟಿ, ಅದೇ ಖಾತೆಗೆ ಹಿಂತೆಗೆಯಬೇಕು. ಓಟಿಪಿಯನ್ನು ಯಾರಿಗೂ ಹೇಳಲಾಗದು.

ನಾಣ್ಯವನ್ನೇ ಕಳಿಸುವುದಾದರೆ ವಿಳಾಸವೊಂದು ಸರಿಯಿದ್ದರೆ ಸಾಲದು, ಜಾಲವೂ ಸರಿಯಿರಬೇಕು. ಯುಎಸ್‌ಡಿಟಿ ಎಂಬ ನಾಣ್ಯವು ಈಥೀರಿಯಮ್, ಟ್ರಾನ್ ಮೊದಲಾದ ಹಲವು ಜಾಲಗಳಲ್ಲಿ ಸಂಚರಿಸುತ್ತದೆ. ಕಳಿಸುವವನೂ ಪಡೆಯುವವನೂ ಒಂದೇ ಜಾಲವನ್ನು ಆರಿಸಿರಬೇಕು. ಎಕ್ಸ್‌ಆರ್‌ಪಿ ನಾಣ್ಯವನ್ನು ಕೇಂದ್ರಕ್ಕೆ ಕಟ್ಟುವಾಗ ವಿಳಾಸದೊಡನೆ ಟ್ಯಾಗ್ ಎಂಬ ಅಂಕೆಯನ್ನೂ ತುಂಬಬೇಕು. ವಿಳಾಸವನ್ನು ಅಕ್ಷರಕ್ಕಕ್ಷರ ತಾಳೆ ನೋಡಿ, ಮೊದಲು ಅಲ್ಪ ಮೊತ್ತವನ್ನು ಕಳಿಸಿ, ಅದು ಮುಟ್ಟಿದ ಬಳಿಕವೇ ಉಳಿದುದನ್ನು ಕಳಿಸುವುದು ಲೇಸು.

ಇಷ್ಟಾದರೂ ಅಪಾಯ ತಪ್ಪಿತೆನ್ನಲಾಗದು. 2024ರ ಜುಲೈ 18ರಂದು ವಜೀರ್‌ಎಕ್ಸ್ ಕೇಂದ್ರದಿಂದ ಸುಮಾರು 23 ಕೋಟಿ ಡಾಲರು ಬೆಲೆಯ ನಾಣ್ಯಗಳು ಕಳುವಾದುವು. ಯಾವ ತಪ್ಪನ್ನೂ ಮಾಡದ ಗ್ರಾಹಕರು ವರ್ಷಕ್ಕೂ ಮಿಕ್ಕಿ ತಮ್ಮ ನಾಣ್ಯವನ್ನು ಹಿಂತೆಗೆಯಲಾರದೆ ಹೋದರು. ವಿನಿಮಯ ಕೇಂದ್ರವು ಸಂತೆ, ಹಗೇವಲ್ಲ. ಕೊಂಡುದನ್ನೆಲ್ಲ ಅಲ್ಲಿಯೇ ಬಿಟ್ಟಿರಬಾರದು. ಸ್ವಂತ ವಾಲೆಟ್ಟಿನಲ್ಲಿಡುವವರು ಅದರ ಗುಪ್ತ ಶಬ್ದಗಳನ್ನು ಕಾಗದದ ಮೇಲೆ ಬರೆದು ಭದ್ರವಾಗಿಡಲಿ.

ಲಾಭದ ಮೇಲೆ ಶೇಕಡಾ 30ರಷ್ಟು ತೆರಿಗೆಯುಂಟೆಂಬುದೂ ನೆನಪಿರಲಿ. ಮಕ್ಕಳ ವಿದ್ಯೆಗೆಂದು ಕೂಡಿಟ್ಟ ಹಣವನ್ನಂತೂ ಇದರಲ್ಲಿ ತೊಡಗಿಸಬಾರದೆಂದು ನಮ್ಮ ವಿನಂತಿ.