ಎಂಟನೆಯ ಇಯತ್ತೆಗೆ ಮೊದಲು: ಮಕ್ಕಳ ವಿಷಯ ಆಯ್ಕೆ ಮತ್ತು ಪಾಲಕರ ಹೊಣೆ

ಹಿಂಗಾರಿ ಜೋಳಕ್ಕೆ ಕೂರಿಗೆ ಹೂಡುವ ಮೊದಲು ರೈತನು ಹೊಲದ ಹದ ನೋಡುತ್ತಾನೆ. ಭೂಮಿ ಎರೆಯೋ ಮಸಾರಿಯೋ, ತೇವ ಎಷ್ಟು ಆಳಕ್ಕಿದೆ, ಬೀಜ ಯಾವ ತಳಿಯದು ಎಂದು ನಾಲ್ಕು ಜನರನ್ನು ವಿಚಾರಿಸುತ್ತಾನೆ. ಅದೇ ರೈತನ ಮಗ ಅಥವಾ ಮಗಳು ಏಳನೆಯ ಇಯತ್ತೆ ಮುಗಿಸಿ ಹೈಸ್ಕೂಲಿಗೆ ಹೊರಟಾಗ ಮಾತ್ರ, ಸಾಲಿಯವರು ಬರೆದುಕೊಂಡದ್ದೇ ಸರಿ ಎಂದು ಅರ್ಜಿಗೆ ಸಹಿ ಹಾಕಿ ಬರುವುದು ರಾಮದುರ್ಗ, ಸವದತ್ತಿ ಭಾಗದ ಹಳ್ಳಿಗಳಲ್ಲಿ ಸಾಮಾನ್ಯ. ಬೆಳೆ ತಪ್ಪಿದರೆ ಮುಂದಿನ ಹಂಗಾಮಿಗೆ ಮತ್ತೆ ಬಿತ್ತಬಹುದು. ಈ ಆಯ್ಕೆ ತಪ್ಪಿದರೆ ತಿದ್ದುವುದು ಕಷ್ಟ. ಆದುದರಿಂದ ಪಾಲಕರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳಲಾಗಿದೆ.

ಊರು ಮತ್ತು ಮಾಧ್ಯಮ

ಮೊದಲನೆಯ ಆಯ್ಕೆ ಶಾಲೆಯದೇ. ಏಳನೆಯ ಇಯತ್ತೆಯವರೆಗೆ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತ ಮಗುವನ್ನು ಎಂಟಕ್ಕೆ ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಲು ಅನೇಕರು ಸಾಲ ಮಾಡುತ್ತಾರೆ. ಇದರಲ್ಲಿ ಹಲವರ ಲಕ್ಷ್ಯಕ್ಕೆ ಬಾರದ ಒಂದು ನಷ್ಟವುಂಟು. ವೃತ್ತಿಪರ ಕೋರ್ಸುಗಳ ಸಿಇಟಿ ಪ್ರವೇಶದಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಗ್ರಾಮೀಣ ಮೀಸಲಾತಿಗೆ 1ರಿಂದ 10ನೆಯ ತರಗತಿಯವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು. ಕನ್ನಡ ಮಾಧ್ಯಮದ ಮೀಸಲಾತಿಗೆ ಅದೇ ಹತ್ತು ವರ್ಷ ಕನ್ನಡದಲ್ಲಿ ಓದಿರಬೇಕು. ಏಳು ವರ್ಷ ಹಳ್ಳಿಯಲ್ಲಿ ಕಲಿತು ಎಂಟಕ್ಕೆ ಪುರಸಭೆಯ ಹದ್ದಿನೊಳಗಿನ ಶಾಲೆಗೆ ಹೋದರೆ ಗ್ರಾಮೀಣ ಹಕ್ಕು ತಪ್ಪುತ್ತದೆ. ಮಾಧ್ಯಮವೂ ಬದಲಾದರೆ ಎರಡೂ ತಪ್ಪುತ್ತವೆ. ಪಟ್ಟಣದ ಶಾಲೆಗೆ ಕಳಿಸಲೇಬಾರದೆಂದು ಇದರ ಅರ್ಥವಲ್ಲ. ಬರುವ ಲಾಭವನ್ನೂ ಹೋಗುವ ಹಕ್ಕನ್ನೂ ತೂಗಿ ನೋಡಿ ತೀರ್ಮಾನಿಸಬೇಕು. ಈ ಮೀಸಲಾತಿಗಳಿಗೆ ಬೇರೆ ಷರತ್ತುಗಳೂ ಇರುವುದರಿಂದ ಮುಖ್ಯಾಧ್ಯಾಪಕರನ್ನು ಮೊದಲೇ ವಿಚಾರಿಸಿರಿ. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕಾಗುತ್ತದೆ ಎಂಬುದನ್ನೂ ನೆನಪಿಡಿರಿ.

ಭಾಷೆಯ ಆಯ್ಕೆ

ಎರಡನೆಯದು ಭಾಷೆ. ಹೈಸ್ಕೂಲಿನಲ್ಲಿ ಪ್ರಥಮ ಭಾಷೆಯಾಗಿ ಕನ್ನಡದ ಬದಲು ಸಂಸ್ಕೃತ ತೆಗೆದುಕೊಂಡರೆ ಅಂಕ ಹೆಚ್ಚು ಬರುತ್ತವೆಂಬ ಮಾತು ಕೇಳಿಬರುತ್ತದೆ. ಸಂಸ್ಕೃತದಲ್ಲಿ ಆಸಕ್ತಿಯಿರುವ ಮಗು ಅದನ್ನು ಓದಲಿ. ಕೇವಲ ಅಂಕದ ಆಸೆಗಾಗಿ ಕನ್ನಡ ಬಿಡುವುದು ಜಾಣತನವಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡವನ್ನು ಓದದವರು ರಾಜ್ಯ ಸರ್ಕಾರದ ನೌಕರಿಗೆ ಹೋಗುವಾಗ ಪ್ರತ್ಯೇಕ ಕನ್ನಡ ಪರೀಕ್ಷೆ ಪಾಸಾಗಬೇಕಾಗುತ್ತದೆ.

ವೃತ್ತಿ ವಿಷಯಗಳು

ಮೂರನೆಯ ಆಯ್ಕೆ ಒಂಬತ್ತನೆಯ ತರಗತಿಯಲ್ಲಿ ಬರುತ್ತದೆ. ಕೈಕೆಲಸವೂ ಶಿಕ್ಷಣದ ಅಂಗವಾಗಬೇಕೆಂದು 1964-66ರ ಕೊಠಾರಿ ಆಯೋಗ ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಿಗ, ತೋಟಗಾರ, ಕುಂಬಾರರಂಥ ಕಸಬುದಾರರಲ್ಲಿ ಕಲಿಯಬೇಕೆಂದು ಸೂಚಿಸಿತು. ನಮ್ಮ ರಾಜ್ಯದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯೂಎಫ್ ಎಂಬ ಯೋಜನೆಯಲ್ಲಿ ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ಚಿಲ್ಲರೆ ವ್ಯಾಪಾರ, ಸೌಂದರ್ಯ ಮತ್ತು ಸ್ವಾಸ್ಥ್ಯ ಮುಂತಾದ ವಿಷಯಗಳಿವೆ. ಇಂಥ ವಿಷಯವನ್ನು ತೃತೀಯ ಭಾಷೆಯ ಬದಲಿಗೆ ತೆಗೆದುಕೊಳ್ಳಲಾಗುತ್ತದೆ. ಎಲ್ಲ ಶಾಲೆಗಳಲ್ಲಿಯೂ ಈ ಯೋಜನೆ ಇಲ್ಲ. ಇರುವ ಶಾಲೆಯಲ್ಲಿಯೂ ಎಲ್ಲ ವಿಷಯಗಳು ಸಿಗುವುದಿಲ್ಲ.

ಇದನ್ನು ದಡ್ಡ ಮಕ್ಕಳ ವಿಷಯವೆಂದು ಕೆಲವರು ತಿಳಿದಿರುವುದು ಸರಿಯಲ್ಲ. ಗಣಿತ, ವಿಜ್ಞಾನ ಎಂದಿನಂತೆ ಇದ್ದೇ ಇರುತ್ತವೆ. ಆದ್ದರಿಂದ ಪಿಯುಸಿಯ ದಾರಿ ಮುಚ್ಚುವುದಿಲ್ಲ. ಟ್ರ್ಯಾಕ್ಟರ್, ಪಂಪ್‌ಸೆಟ್, ಪವರ್ ಲೂಮ್ ಇರುವ ಮನೆಯ ಹುಡುಗನಿಗೆ ಯಂತ್ರದ ತಿಳಿವಳಿಕೆ ವ್ಯರ್ಥವಾಗದು. ಆದರೆ ಮುಂದೆ ಸೈನ್ಯ, ರೈಲ್ವೆಗಳಲ್ಲಿ ನೌಕರಿ ಹುಡುಕುವ ಮನಸ್ಸಿದ್ದವರಿಗೆ ಹಿಂದಿಯ ಓದು ಉಪಯೋಗಕ್ಕೆ ಬರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. 2025ರ ಆಗಸ್ಟ್‌ನಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು ದ್ವಿಭಾಷಾ ಸೂತ್ರವನ್ನು ಶಿಫಾರಸು ಮಾಡಿದೆ. ನಿಯಮಗಳು ಬದಲಾಗಬಹುದಾದ್ದರಿಂದ ಆಯಾ ವರ್ಷದ ಸುತ್ತೋಲೆಯನ್ನೇ ನಂಬತಕ್ಕದ್ದು.

ಹೆಣ್ಣುಮಕ್ಕಳ ಬಗ್ಗೆ ಎರಡು ಮಾತು

ಗಂಡುಹುಡುಗನಿಗೆ ಆಟೊಮೊಬೈಲ್, ಹುಡುಗಿಗೆ ಹೊಲಿಗೆ ಅಥವಾ ಸೌಂದರ್ಯ ಎಂದು ಮನೆಯಲ್ಲೇ ತೀರ್ಪು ಆಗಿಬಿಡುತ್ತದೆ. ಹೊಲದಲ್ಲಿ ಬೀಜ ಆರಿಸುವವಳು, ಹೈನಿನ ಲೆಕ್ಕ ಇಡುವವಳು ತಾಯಿಯೇ. ಲೆಕ್ಕದಲ್ಲಿ ಚುರುಕಾದ ಮಗಳಿಗೆ ಗಣಕಯಂತ್ರ ಕಲಿಯುವ ಅವಕಾಶ ತಪ್ಪಿಸಬಾರದು. ಬಸ್ಸಿನ ತೊಂದರೆಯಿಂದ ಹತ್ತಿರದ ಶಾಲೆಯೇ ಗತಿಯೆನ್ನುವವರು ವಸತಿನಿಲಯದ ಸೌಲಭ್ಯವನ್ನು ವಿಚಾರಿಸಿರಿ.

ಸಹಿ ಹಾಕುವ ಮೊದಲು ಕೇಳಬೇಕಾದದ್ದು

1. ಈ ವಿಷಯ ಕಲಿಸುವ ಶಿಕ್ಷಕರು ಈಗ ಶಾಲೆಯಲ್ಲಿ ಇದ್ದಾರೆಯೇ?

2. ಪ್ರಯೋಗಕ್ಕೆ ಬೇಕಾದ ಸಾಮಾನು ಇವೆಯೇ? ಇದ್ದರೆ ಮಕ್ಕಳ ಕೈಗೆ ಸಿಗುತ್ತವೆಯೇ?

3. ಒಂಬತ್ತರಲ್ಲಿ ಆರಿಸಿದ್ದನ್ನು ಹತ್ತರಲ್ಲಿಯೂ ಓದಬೇಕು. ಎರಡು ವರ್ಷವೂ ಪಾಠ ನಡೆಯುವ ಭರವಸೆ ಇದೆಯೇ?

4. ಮಗುವಿಗೆ ಇದು ಇಷ್ಟವೇ, ಅಥವಾ ಗೆಳೆಯ ತೆಗೆದುಕೊಂಡನೆಂದು ತೆಗೆದುಕೊಳ್ಳುತ್ತಿದೆಯೇ?

ಒಬ್ಬರೇ ಕೇಳಲು ಸಂಕೋಚವಾದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಎಲ್ಲರೂ ಕೂಡಿ ಕೇಳಬಹುದು.

ಮುಂದಿನ ದಾರಿಗಳು

ಐಟಿಐಯಲ್ಲಿ ವೆಲ್ಡರ್, ವೈರಮನ್‌ನಂಥ ಕಸಬುಗಳಿಗೆ ಎಂಟನೆಯ ತರಗತಿ ಸಾಕು. ಇಲೆಕ್ಟ್ರೀಷಿಯನ್, ಫಿಟ್ಟರ್ ಕಸಬುಗಳಿಗೆ ಗಣಿತ, ವಿಜ್ಞಾನ ಸಹಿತ ಹತ್ತು ಪಾಸಾಗಿರಬೇಕು. ಕೃಷಿ ಅಥವಾ ತೋಟಗಾರಿಕೆ ಪದವಿಗೆ ಪಿಯುಸಿಯಲ್ಲಿ ವಿಜ್ಞಾನ, ಅದರಲ್ಲೂ ಜೀವಶಾಸ್ತ್ರ ಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯ (1986) ಮತ್ತು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ (2008) ನಮಗೆ ದೂರವಲ್ಲ. ಗೋಕಾಕ ಬದಿಯ ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜೇ ಇದೆ. ಇವುಗಳಲ್ಲಿ ಕೃಷಿಕರ ಮಕ್ಕಳಿಗೆಂದೇ ಮೀಸಲು ಸೀಟುಗಳಿವೆ. ಆರನೆಯ, ಏಳನೆಯ ಇಯತ್ತೆಯಲ್ಲಿ ಗಣಿತ, ವಿಜ್ಞಾನಗಳ ತಳಪಾಯ ಕುಸಿದರೆ ಈ ಸೀಟುಗಳು ಹೆಸರಿಗಷ್ಟೇ ನಮ್ಮವು.

ಸುಗ್ಗಿಯ ಗಡಿಬಿಡಿ ಮುಗಿದ ಮೇಲೆ, ಏಪ್ರಿಲ್ ತಿಂಗಳಲ್ಲಿ, ಮಗುವನ್ನು ಕರೆದುಕೊಂಡು ಅರ್ಧ ದಿನ ಶಾಲೆಗೆ ಹೋಗಿ ಬನ್ನಿರಿ. ಹೋಗುವಾಗ ಮೇಲಿನ ನಾಲ್ಕು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಒಳ್ಳೆಯದು. ಮೈಬುಬ್ಬಿ, ಮಂಗಮಾಯವಾಗುವ ಬೀಜದ ಜಾಹೀರಾತನ್ನು ನಂಬದ ರೈತ ಶಾಲೆಯ ವಿಷಯದಲ್ಲಿಯೂ ಕಣ್ಣಾರೆ ನೋಡಿಯೇ ನಂಬಲಿ.